ಗೋಡೆಯ ಮೇಲಿನ ಬಿಳಿ ಸರ

ಎನೆಲೇಸಿಯ ಮಾತು ಬಂದರೆ ಸಾಕು, ಅಕ್ಕಪಕ್ಕದವರು ನಕ್ಕು ಹೇಳುತ್ತಿದ್ದರು: ಈ ಊರಿನ ಹೆಂಗಸರ ಸೊಂಟದ ಅಳತೆ ಅವರ ಗಂಡಂದಿರಿಗಿಂತ ಆ ಮುದುಕಿಗೇ ಚೆನ್ನಾಗಿ ಗೊತ್ತು. ಸುಳ್ಳೇನಲ್ಲ. ಮಲಾವಿ ಸರೋವರದ ದಂಡೆಯ ಆ ಊರಿನಲ್ಲಿ ಮೈನೆರೆದ ಹುಡುಗಿಯರನ್ನು ಹುಲ್ಲಿನ ಗುಡಿಸಲಲ್ಲಿ ಕೂರಿಸಿ ಬುದ್ಧಿ ಹೇಳುವವಳು ಅವಳೇ, ಹೊರಗೆ ಕರೆತರುವ ದಿನ ಸೊಂಟಕ್ಕೆ ಮಣಿಸರ ಕಟ್ಟುವವಳೂ ಅವಳೇ. ಮೊಮ್ಮಕ್ಕಳನ್ನು ಕಂಡ ಹೆಂಗಸರ ಸೊಂಟದಲ್ಲೂ ಅವಳು ಪೋಣಿಸಿದ ಮಣಿಗಳಿದ್ದವು. ಬೋರ್‌ವೆಲ್ಲಿನ ಹತ್ತಿರ ಎಂಥ ಜಗಳ ಹತ್ತಿಕೊಂಡಿರಲಿ, ಎನೆಲೇಸಿ ಬಕೆಟ್ ಹಿಡಿದು ಬಂದಳೆಂದರೆ ಎಲ್ಲರ ದನಿ ಇಳಿಯುತ್ತಿತ್ತು.

ಅವಳ ಪಾಠದಲ್ಲಿ ಮಣಿಯದೇ ದೊಡ್ಡ ಭಾಗ. ಸೊಂಟದ ಮಣಿಯನ್ನು ಗಂಡನಲ್ಲದೆ ಬೇರೆ ಗಂಡಸು ನೋಡಬಾರದು, ನೋಡಿದರೆ ಒಡಲು ಬರಡಾಗುತ್ತದೆ. ಇನ್ನು ಮಲಗುವ ಕೋಣೆಯ ಗೋಡೆಯದು ಬೇರೆ ಪಾಠ. ತಲೆದೆಸೆಯ ಮೊಳೆಯಲ್ಲಿ ಕೆಂಪು ಸರ ತೂಗಿದರೆ ಹೆಂಡತಿ ಮುಟ್ಟಾಗಿದ್ದಾಳೆ, ಗಂಡ ದೂರ ಮಲಗಬೇಕು. ಅದನ್ನು ತೆಗೆದು ಬಿಳಿ ಸರ ಹಾಕಿದಳೆಂದರೆ ಮುಟ್ಟು ಮುಗಿಯಿತು, ಅವನು ಹತ್ತಿರ ಬರಬಹುದು. ಇವಳು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಅವನು ಕೇಳುವ ಹಾಗೂ ಇಲ್ಲ. ಆ ಊರಿನ ಸಂಸಾರಗಳೆಲ್ಲ ಹಾಗೆಯೇ ನಡೆದುಕೊಂಡು ಬಂದಿದ್ದವು.

ಮಲಿತಾ ಅವಳ ತಂಗಿಯ ಮಗಳು. ತಂಗಿ ಬಾಣಂತನದಲ್ಲೇ ತೀರಿಕೊಂಡಿದ್ದಳು, ಕೂಸನ್ನು ಎತ್ತಿ ಆಡಿಸಿದವಳು ಎನೆಲೇಸಿ. ಬೆಳೆದ ಹುಡುಗಿ ಸಣ್ಣ ಮೀನು ಒಣಗಿಸಿ ಸಂತೆಯಲ್ಲಿ ಮಾರುತ್ತಿದ್ದಳು. ಅವಳು ನಕ್ಕರೆ ದಂಡೆಯ ಆ ತುದಿಗೆ ಕೇಳಬೇಕು. ಅವಳನ್ನು ಕಟ್ಟಿಕೊಂಡ ದಮಿಯಾನೊ, ಅಲ್ಲಿಯ ಪದ್ಧತಿಯಂತೆ, ಹೆಂಡತಿಯ ಊರಿಗೇ ಬಂದು ಮನೆ ಕಟ್ಟಿ ದೋಣಿಗೆ ಹೋಗುತ್ತಿದ್ದ. ಇಬ್ಬರು ಹೆಣ್ಣುಮಕ್ಕಳಾದರು.

ಒಂದು ಮಳೆಗಾಲದ ಕೊನೆಯಲ್ಲಿ ದಮಿಯಾನೊನಿಂದ ದೂರು ಬಂತು. ಅತ್ತೆಯ ಸ್ಥಾನದವಳ ಎದುರು ನಿಂತು ಇಂಥ ಮಾತಾಡಲು ಅಳಿಯನಿಗೆ ಬಾಯಿಲ್ಲ, ಮದುವೆಗೆ ಮಧ್ಯಸ್ಥನಾಗಿದ್ದ ತನ್ನ ಸೋದರಮಾವನ ಕೈಲಿ ಹೇಳಿಸಿದ್ದ: ಕೆಂಪು ಸರ ಮೊಳೆಯಿಂದ ಇಳಿಯುವುದೇ ಇಲ್ಲ, ನಾನು ಗಂಡನೋ ಬಾಡಿಗೆದಾರನೋ ಕೇಳಿ ನೋಡಿ.

ಎನೆಲೇಸಿಗೆ ನಗು ಬಂತು. ಕುಡಿದು ಬರುವ ಗಂಡನನ್ನು, ಜಗಳವಾಡಿದ ಗಂಡನನ್ನು ದೂರವಿಡಲು ಕೆಂಪು ಸರ ತೂಗುಹಾಕಿದ ಹೆಂಗಸರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಹರೆಯದಲ್ಲಿ ತಾನೂ ಆ ಆಟ ಆಡಿದವಳೇ. ದಂಡೆಯಲ್ಲಿ ಮೀನು ಹರವುತ್ತಿದ್ದ ಮಲಿತಾಳ ಹತ್ತಿರ ಹೋಗಿ ಕೂತಳು.

"ಏನೇ, ಆ ಕೆಂಪು ಸರ ಮೊಳೆಗೇ ಬೇರು ಬಿಟ್ಕೊಂಡ್ತಾ?"

ಮಲಿತಾ ನಗಲಿಲ್ಲ. "ನಿಂತ್ರೆ ತಾನೆ ದೊಡ್ಡವ್ವ ತೆಗೆಯೋದು. ನಿಲ್ತದೆ, ಮತ್ತೆ ಬರ್ತದೆ. ಅವರು ಹತ್ರ ಬಂದ್ರಂತೂ ಇನ್ನೂ ಜಾಸ್ತಿ."

"ಈ ಕತೆ ನನ್ನ ಮುಂದೆ ಹೇಳಬ್ಯಾಡ. ಈ ಕತೆ ಕಟ್ಟಿದವಳೇ ನಾನು."

ಮಲಿತಾ ಮೀನು ತಿರುವಿ ಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಗುರುವಾರ ಆಸ್ಪತ್ರೇಲಿ ಗರ್ಭಕೋಶದ ಬಾಯಿಗೆ ವಿನೆಗರ್ ಹಚ್ಚಿ ರೋಗ ಐತಾ ಅಂತ ನೋಡ್ತಾರಂತೆ. ಹೋಗಿ ತೋರಿಸ್ಕೊಂಡು ಬರ್ಲಾ?"

"ಯಾರಿಗೆ, ಲಾಮೆಕ್ಕನಿಗಾ? ಗಂಡಂಗೆ ಗೋಡೆ ತೋರಿಸಿ ಅವನಿಗೆ ಸೊಂಟ ತೋರಿಸ್ತೀಯಾ?"

ಊರಾಚೆಯ ಸರಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಕಲಿತಿದ್ದ ನರ್ಸಮ್ಮನಿಗೆ ಬೇರೆ ಕಡೆ ವರ್ಗವಾಗಿತ್ತು. ಅದನ್ನು ಬಲ್ಲವನೆಂದು ಉಳಿದವನು ಆರೋಗ್ಯ ಸಹಾಯಕ ಲಾಮೆಕ್ ಒಬ್ಬನೇ. ಆಸ್ಪತ್ರೆಯ ಮುಂದೆ ಮಾವಿನ ಮರದ ಕೆಳಗಿನ ಬೆಂಚಿನಲ್ಲಿ ಗುರುವಾರಗಳಂದು ಯಾರೂ ಕೂರುತ್ತಿರಲಿಲ್ಲ, ಏಕೆಂದರೆ ಕೇಳಲು ಬಂದ ಹೆಂಗಸರಿಗೆಲ್ಲ ಎನೆಲೇಸಿ ಇದೇ ಉತ್ತರ ಕೊಟ್ಟಿದ್ದಳು. ಈಗ ಮಲಿತಾಳಿಗೂ ಕೊಟ್ಟು, ಬಿಳಿ ಸರ ಹಾಕು, ಸಂಸಾರ ನೋಡು ಎಂದು ಹೇಳಿ ಎದ್ದುಹೋದಳು.

ಮಲಿತಾ ದೊಡ್ಡವ್ವನ ಮಾತು ಮೀರಿದವಳಲ್ಲ. ಮಧ್ಯಸ್ಥನ ಮೂಲಕ ಮತ್ತೆ ದೂರು ಬರಲಿಲ್ಲ. ಎನೆಲೇಸಿ ತನ್ನ ಬುದ್ಧಿ ನಾಟಿತು ಎಂದುಕೊಂಡಳು.

ಮೆಕ್ಕೆಜೋಳ ಕೊಯ್ಲಾಯಿತು, ಮತ್ತೆ ಬಿತ್ತನೆಯಾಯಿತು. ಅಷ್ಟರಲ್ಲಿ ಮಲಿತಾಳ ನಗು ದಂಡೆಯಿಂದ ಮಾಯವಾಗಿತ್ತು. ಚರ್ಚಿನಲ್ಲಿ ಅವಳು ಹಿಂದಿನ ಬಾಗಿಲ ಪಕ್ಕ ಒಬ್ಬಳೇ ಕೂರುತ್ತಿದ್ದಳು; ವಾಸನೆ ಎಂದು ಯಾರೋ ಮೂಗು ಮುಚ್ಚಿಕೊಂಡದ್ದನ್ನು ಎನೆಲೇಸಿ ಕಂಡಳು, ಮೀನಿನ ವ್ಯಾಪಾರದವಳಲ್ಲವೇ ಎಂದು ಸಮಾಧಾನ ಹೇಳಿಕೊಂಡಳು. ಒಂದು ಬೆಳಿಗ್ಗೆ ಜೋಳ ಕುಟ್ಟಲು ಜೊತೆಯಾಗೋಣವೆಂದು ಹೋದರೆ ಮಲಿತಾ ಒರಳಿನ ಪಕ್ಕ ಬಿದ್ದಿದ್ದಳು. ಉಟ್ಟ ಬಟ್ಟೆ ಮೊಣಕಾಲಿನವರೆಗೆ ನೆನೆದು ಕಪ್ಪಾಗಿತ್ತು. ಬೇರೆ ಬಟ್ಟೆ ತರಲು ಎನೆಲೇಸಿ ಒಳಕೋಣೆಗೆ ಓಡಿದಳು. ತಲೆದೆಸೆಯ ಮೊಳೆಯಲ್ಲಿ ಬಿಳಿ ಸರ ತೂಗುತ್ತಿತ್ತು.

ಬಟ್ಟೆ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ನಿಂತುಬಿಟ್ಟಳು. ಹೊರಗಿನಿಂದ ಮಲಿತಾ ನರಳಿದಾಗಲೇ ಕಾಲು ಕಿತ್ತಿದ್ದು.

ಬಾಡಿಗೆ ಸೈಕಲ್ಲಿನ ಹಿಂದೆ ಅವಳನ್ನು ಕೂರಿಸಿ ಆಸ್ಪತ್ರೆಗೆ ಒಯ್ದರು. ಲಾಮೆಕ್ ಪರದೆಯ ಹಿಂದೆ ಬಹಳ ಹೊತ್ತು ಇರಲಿಲ್ಲ. ಕೈ ತೊಳೆದು ಬಂದು, ಮಾವಿನ ಮರದ ಕೆಳಗಿನ ಬೆಂಚಿನಲ್ಲಿ ಎನೆಲೇಸಿಯ ಪಕ್ಕ ಕೂತ. ಗರ್ಭಕೋಶದ ಬಾಯಿಯಲ್ಲಿ ಗಡ್ಡೆ, ಕ್ಯಾನ್ಸರಿನ ಹಾಗೆ ಕಾಣುತ್ತದೆ, ಜಿಲ್ಲೆಗೆ ಕಳಿಸುತ್ತೇನೆ ಎಂದ. ಚುಕ್ಕೆಯಷ್ಟಿದ್ದಾಗ ಬಂದಿದ್ದರೆ ಅದನ್ನು ಇಲ್ಲೇ ಸುಟ್ಟು ತೆಗೆಯಬಹುದಿತ್ತು ಎಂದೂ ಹೇಳಿದ.

"ನಾನೇ ಬ್ಯಾಡ ಅಂದಿದ್ದೆ ಕಣಪ್ಪ," ಎಂದಳು ಎನೆಲೇಸಿ.

"ಗೊತ್ತು ಅಜ್ಜಿ. ನನ್ನ ಹೆಂಡತಿಗೂ ಮಣಿ ಕಟ್ಟಿದವರು ನೀವೇ. ಅವಳೂ ಇವತ್ತಿನವರೆಗೆ ಆ ಪರದೆ ದಾಟಿಲ್ಲ."

ಜಿಲ್ಲಾ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಕತ್ತರಿಸಿ ತೆಗೆಯುವ ಹಂತ ದಾಟಿದೆ, ನೋವಿಗೆ ಮಾತ್ರ ಔಷಧ ಎಂದರು.

ಅದೇ ವಾರ ಎನೆಲೇಸಿ ಯಾರಿಗೂ ಹೇಳದೆ ಲಾಮೆಕ್ಕನ ಮುಂದೆ ಮಲಗಿ ಪರೀಕ್ಷೆ ಮಾಡಿಸಿಕೊಂಡಳು. ಆಮೇಲೆ ಹೆಂಗಸರನ್ನೆಲ್ಲ ಹುಡುಗಿಯರ ಗುಡಿಸಲಿಗೆ ಕರೆದು, ನನ್ನ ಮಣಿಯನ್ನು ಅವನು ನೋಡಿದ್ದಾನೆ, ಏನೂ ಆಗಲಿಲ್ಲ, ನೀವೂ ಹೋಗಿ ಎಂದಳು.

"ನಿಂಗೇನಜ್ಜಿ," ಎಂದಳು ಹಿಂದೆ ಕೂತಿದ್ದ ಒಬ್ಬಳು, "ಬರಡಾಗೋಕೆ ನಿನ್ನ ಒಡಲಲ್ಲಿ ಇನ್ನೇನು ಉಳಿದದೆ?"

ಗುಡಿಸಲು ನಕ್ಕಿತು. ಎನೆಲೇಸಿ ನಗು ಅಡಗುವವರೆಗೆ ಕಾದಳು.

"ಮಲಿತಾ ಒಡಲ ಮೇಲೆ ಯಾರ ಕಣ್ಣೂ ಬೀಳ್ಲಿಲ್ಲ. ನಾನು ಬೀಳಕ್ಕೆ ಬಿಡ್ಲಿಲ್ಲ. ಹೋಗಿ ನೋಡ್ಕಂಬನ್ನಿ ಅವಳನ್ನ."

ಗುರುವಾರ ಬೆಂಚು ತುಂಬಿತು, ಜಾಗ ಸಾಲದೆ ಬೇರುಗಳ ಮೇಲೂ ಕೂತರು. ಆದರೆ ಲಾಮೆಕ್ಕನನ್ನು ಯಾವುದೋ ತರಬೇತಿಗೆಂದು ಜಿಲ್ಲೆಗೆ ಕರೆಸಿಕೊಂಡಿದ್ದರು, ಬಾಗಿಲಿಗೆ ಬೀಗ. ಮುಂದಿನ ಗುರುವಾರ ಅವನಿದ್ದ, ವಿನೆಗರ್ ಮುಗಿದಿತ್ತು. ಅದರ ಮುಂದಿನ ಗುರುವಾರ ಬಂದವರು ಕೆಲವರೇ. ಮೈಗೆ ಸುತ್ತಿಕೊಳ್ಳುವ ಚಿತೆಂಜಿ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡು ತುದಿಯಲ್ಲಿ ಕೂತಿದ್ದವಳು ಲಾಮೆಕ್ಕನ ಹೆಂಡತಿ. ಎನೆಲೇಸಿ ಅವಳ ಕೈ ಹಿಡಿದು ಪರದೆಯ ತನಕ ಹೋಗಿ ಬಿಟ್ಟು ಬಂದಳು.

ಆ ಹೊತ್ತಿಗೆ ಮಲಿತಾ ಚಾಪೆ ಹಿಡಿದಿದ್ದಳು. ಊರಿನ ಆಸ್ಪತ್ರೆಯ ಮಾತ್ರೆಗೆ ನೋವು ಬಗ್ಗದೆ, ಪಟ್ಟಣದ ಆಸ್ಪತ್ರೆಯಲ್ಲಿ ಕೊನೆಗಾಲದವರನ್ನು ನೋಡಿಕೊಳ್ಳುವ ವಾರ್ಡಿಗೆ ಒಯ್ಯುವುದೆಂದಾಯಿತು. ದಮಿಯಾನೊ ರಸ್ತೆಗೆ ಹೋಗಿ ಮಿನಿಬಸ್ ನಿಲ್ಲಿಸಿಕೊಂಡಿದ್ದ. ಮಕ್ಕಳಿಗೆ ನೆರೆಮನೆಯಲ್ಲಿ ಗಂಜಿ ಕುಡಿಸುತ್ತಿದ್ದರು. ಎನೆಲೇಸಿ ಗಂಟು ಕಟ್ಟಿ, ಮಲಿತಾಳ ತೋಳಿನ ಕೆಳಗೆ ಹೆಗಲು ಕೊಟ್ಟು ಎಬ್ಬಿಸಿದಳು. ಬಾಗಿಲ ಕಡೆ ತಿರುಗಬೇಕಾದವಳು ಮಲಿತಾ ಗೋಡೆಯ ಕಡೆ ತಿರುಗಿದಳು.

"ಅದು ತೆಗಿ ದೊಡ್ಡವ್ವ. ಕೆಂಪುದು ಚಾಪೆ ಕೆಳಗದೆ."

ಎನೆಲೇಸಿ ಬಿಳಿ ಸರ ಇಳಿಸಿ ಕೆಂಪು ಸರ ತೂಗುಹಾಕಿದಳು.

"ನಾನು ಸುಳ್ಳು ಹೇಳಿರ್ಲಿಲ್ಲ," ಎಂದಳು ಮಲಿತಾ.

"ಇಲ್ಲ ಕಂದ. ನೀನು ಹೇಳಿರ್ಲಿಲ್ಲ."

ರಸ್ತೆಯಲ್ಲಿ ಮಿನಿಬಸ್ಸಿನವನು ಹಾರನ್ ಒತ್ತಿದ. ಮಲಿತಾ ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡಳು. ದಂಡೆಯಲ್ಲಿ ಯಾರದೋ ಮೀನಿಗೆ ಕಾಗೆ ಎರಗಿದ್ದನ್ನು ಕಂಡು, ಓಡಿಸ್ರೇ ಅದನ್ನ ಎಂದು ಕ್ಷೀಣವಾಗಿ ಕೂಗಿದಳು. ಆಮೇಲೆ ಹೊಸ್ತಿಲು ದಾಟಿ ಬಿಸಿಲಿಗೆ ಇಳಿದಳು.