ಹಮದಾನಿನ ಸಿಂಹಕ್ಕೆ ಎಣ್ಣೆ

ಅಮೆರಿಕದ ಫ್ಲೂಗರ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಇರಾನಿನ ಹಮದಾನ್ ಊರಿನ ಹೆಂಗಸು. ಫ್ಲೈಓವರನ್ನೇ ಗುಡ್ಡವೆಂದುಕೊಳ್ಳಬೇಕಾದ ನಮ್ಮ ಬಡಾವಣೆಯಲ್ಲಿ ನಿಂತು ಅಲ್ವಂದ್ ಬೆಟ್ಟದ ಹಿಮದ ಮಾತಾಡುತ್ತಿದ್ದರು. ಒಮ್ಮೆ ಫೋನಿನಲ್ಲಿ ತಮ್ಮೂರಿನ ಕಲ್ಲಿನ ಸಿಂಹವನ್ನು ತೋರಿಸಿದರು. ಎರಡು ಸಾವಿರ ವರ್ಷಕ್ಕೂ ಹಳೆಯದು, ಮುಖವೆಲ್ಲ ಸವೆದಿತ್ತು. ಹಿಂದೆ ಹೆಂಗಸರು ಹರಕೆ ಹೊತ್ತು ಅದಕ್ಕೆ ಎಣ್ಣೆ ಹಚ್ಚುತ್ತಿದ್ದರಂತೆ.

ಧಾರವಾಡದಿಂದ ಬಂದಿದ್ದ ನನ್ನ ಅವ್ವ ಇಣುಕಿ ನೋಡಿ, "ನಮ್ಮ ಹಣಮಪ್ಪನಂಗ ಐತಲ್ಲ! ಎಣ್ಣಿ ಕುಡದು ಕುಡದು ಕರ್ರಗಾಗೇತಿ" ಎಂದಳು.

2017ರಲ್ಲಿ ಪಕ್ಕದ ಮನೆಯವರಿಗೆ ಕ್ಯಾನ್ಸರ್ ಆಯಿತು. ಅದೇ ವರ್ಷ ಅಮೆರಿಕ ಇರಾನಿನವರಿಗೆ ಬಾಗಿಲು ಹಾಕಿತು. ಹಮದಾನಿನಲ್ಲಿ ಇದ್ದೊಬ್ಬ ತಂಗಿಗೆ ವೀಸಾ ಸಿಗಲಿಲ್ಲ. ಆಕೆ ಅಲ್ಲೇ ಸಿಂಹಕ್ಕೆ ಎಣ್ಣೆ ಹಚ್ಚಿ ವಿಡಿಯೊ ಕಳಿಸಿದಳು. ಅದನ್ನು ನೋಡಲು ಅಕ್ಕನಿಗೆ ಕಣ್ಣು ತೆರೆಯಲಾಗಲಿಲ್ಲ.

ಹತ್ತು ವರ್ಷದ ವೀಸಾ ಇದ್ದ ಅವ್ವ ಮರುವರ್ಷ ಮತ್ತೆ ಬಂದಳು. ಅವರ ಗೋರಿಯ ಹತ್ತಿರ ಕರೆದೊಯ್ದಾಗ ಚೀಲದಿಂದ ಕೊಬ್ಬರಿ ಎಣ್ಣೆಯ ಶೀಶೆ ತೆಗೆದಳು.

"ಬ್ಯಾಡವ್ವ, ಅವರಲ್ಲಿ ನಡೀತದೋ ಇಲ್ಲೋ" ಎಂದೆ.

"ತಂಗೀನ್ನ ಬರಗೊಡಲಿಲ್ಲ. ಆಕೀ ಕೆಲಸ ಯಾರರ ಮಾಡಬೇಕಲ್ಲ?" ಎಂದು ಹಚ್ಚಿಯೇಬಿಟ್ಟಳು.

ಮೆಷಿನ್ನಿನಲ್ಲಿ ಪಾಲಿಶ್ ಮಾಡಿದ ಕಲ್ಲು ಅದು. ಒಂದು ಹನಿಯನ್ನೂ ಕುಡಿಯಲಿಲ್ಲ.