ಸೊಣ್ಣಮ್ಮ ಕೂಗದ ಹೆಸರು

ವನಿತಾ ಬರೆದ ಕೋಡ್‌ನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸವಾಗಿತ್ತು. ಆರ್.ಟಿ. ನಗರದಲ್ಲಿ ಒಂದು ಬೇಕರಿಯ ಮೇಲೆ ನಾಲ್ಕೇ ಜನರ ಆಫೀಸು. ಅವಳು ಬರೆಯುತ್ತಿದ್ದಳು, ನಾನು ಓಡಿಸಿ ನೋಡುತ್ತಿದ್ದೆ. ಆರು ವರ್ಷದಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಒಂದೇ ಒಂದು. ದೆವ್ವ ಭೂತ ನಂಬುವವನಲ್ಲ ನಾನು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ವನಿತಾ ಅಬ್ಬಿಗೆರೆಯವಳು. ಅಪ್ಪನಿಗೆ ಯಶವಂತಪುರ ಮಂಡಿಯಲ್ಲಿ ಈರುಳ್ಳಿ ವ್ಯಾಪಾರ. ಅವಳಿಗೆ ಮಾತು ಕಡಿಮೆ, ಹಟ ಜಾಸ್ತಿ. ೨೦೧೧ರಲ್ಲಿ ಅವಳ ಊರಿನದೇ ಒಂದು ಸಣ್ಣ ನರ್ಸಿಂಗ್ ಹೋಮ್‌ಗೆ ಟೋಕನ್ ಕೂಗುವ ಪ್ರೋಗ್ರಾಂ ಬೇಕಾಯಿತು. ಅವಳು ಮೊದಲು ಒಂದು ಇಂಟರ್‌ಫೇಸ್ ಬರೆದಳು. ಇಂಟರ್‌ಫೇಸ್ ಎಂದರೆ ಬರೀ ಕರಾರು: ಇದಕ್ಕೆ ಒಪ್ಪಿದ ಕ್ಲಾಸು, ಅಂದರೆ ಕೋಡಿನ ಒಂದು ಘಟಕ, ಇಂತಿಂಥ ಕೆಲಸ ಮಾಡಲೇಬೇಕು, ಹೇಗೆ ಮಾಡುತ್ತದೋ ಅದರ ಪಾಡು. ಇಲ್ಲಿನ ಕೆಲಸದ ಹೆಸರು ‘ಕರೆ’. ಗೋಡೆಯ ಬೋರ್ಡಿನ ಕ್ಲಾಸು ಅಕ್ಷರದಲ್ಲಿ ಕರೆಯುತ್ತಿತ್ತು, ಸ್ಪೀಕರಿನ ಕ್ಲಾಸು ದನಿಯಲ್ಲಿ. ಆ ಒಂದೇ ಹೆಸರಿನಲ್ಲಿ ಎರಡು ಮೆಥಡ್, ಅಂದರೆ ಆ ಕೆಲಸ ಮಾಡುವ ಎರಡು ತುಣುಕು, ಇದ್ದವು. ಬರೀ ನಂಬರ್ ಕೊಟ್ಟರೆ ಒಂದು ಓಡುತ್ತದೆ, ನಂಬರಿನ ಜೊತೆ ಹೆಸರನ್ನೂ ಕೊಟ್ಟರೆ ಇನ್ನೊಂದು. ಕೊಟ್ಟದ್ದನ್ನು ನೋಡಿ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತಾನೇ ಆರಿಸಿಕೊಳ್ಳುತ್ತದೆ. ಓವರ್‌ಲೋಡ್ ಅನ್ನುತ್ತಾರೆ ಇದನ್ನು. ಏನೂ ಕೊಡದೆ ಕರೆಯುವ ಮೆಥಡ್ ಅವಳು ಬರೆದಿರಲಿಲ್ಲ.

ದನಿಗೆ ಸೊಣ್ಣಮ್ಮ ಸಿಕ್ಕಳು. ಅಲ್ಲಿನ ಆಯಾ, ಹದಿನೈದು ವರ್ಷದಿಂದ ಬಾಗಿಲಲ್ಲಿ ನಿಂತು ರೋಗಿಗಳ ಹೆಸರು ಕೂಗುತ್ತಿದ್ದವಳು. ವನಿತಾಗೆ ಊರಿನ ಲೆಕ್ಕದಲ್ಲಿ ಅತ್ತೆ. ಎಕ್ಸ್‌ರೇ ರೂಮಿನ ಬಾಗಿಲು ಹಾಕಿಕೊಂಡು ಎರಡು ದಿನ, ನಂಬರುಗಳನ್ನೂ ಆಗಾಗ ಬರುವ ನಾನೂರು ಜನರ ಹೆಸರನ್ನೂ ರೆಕಾರ್ಡ್ ಮಾಡಿದರು. ಒಂದು ಹೆಸರಿಗೆ ಬಂದಾಗ ಸೊಣ್ಣಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಅದು ಲಕ್ಕಣ್ಣ, ಅವಳ ಗಂಡ. ಸಕ್ಕರೆ ಕಾಯಿಲೆಯವನು, ಕಾಲಿನ ಹುಣ್ಣಿಗೆ ಪ್ರತಿ ಮಂಗಳವಾರ ಡ್ರೆಸ್ಸಿಂಗ್‌ಗೆ ಬರುತ್ತಿದ್ದ.

“ಕಟ್ಕೊಂಡೋರ ಎಸ್ರು ನಾನ್ ಯೋಳಾಕಿಲ್ಲ ಕಣವ್ವ. ಅವ್ರಿಗೆ ನಂಬರ್ ಕೂಗ್ಲಿ, ಸಾಕು.”

ಹಾಗೇ ಆಯಿತು. ಲಕ್ಕಣ್ಣನ ಸರದಿ ಬಂದಾಗ ನಂಬರ್ ಮಾತ್ರ.

೨೦೧೩ರ ಕಾರ್ತಿಕದಲ್ಲಿ ಸೊಣ್ಣಮ್ಮ ತೀರಿಕೊಂಡಳು. ದನಿ ಬದಲಾಯಿಸಿ ಎಂದು ಯಾರೂ ಹೇಳಲಿಲ್ಲ. ಸತ್ತ ಹೆಂಗಸು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ಊರಿನವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತಿದ್ದಳು. ಹೊಸಬರಿಗೆ ಏನೂ ಅನ್ನಿಸುತ್ತಿರಲಿಲ್ಲ. ಅವಳನ್ನು ಬಲ್ಲ ಹೆಂಗಸರು ಸೆರಗು ಬಿಗಿ ಮಾಡಿಕೊಂಡು ಏಳುತ್ತಿದ್ದರು. ಲಕ್ಕಣ್ಣ ಮಂಗಳವಾರವಲ್ಲದ ದಿನವೂ ಬಂದು ಸ್ಪೀಕರಿನ ಕೆಳಗಿನ ಬೆಂಚಿನಲ್ಲಿ ಕೂರತೊಡಗಿದ. ಒಂದು ದಿನ ಪ್ರೋಗ್ರಾಂ ನೋಡಲು ಹೋದ ವನಿತಾಳ ಕೈ ಹಿಡಿದುಕೊಂಡ.

“ಊರ್ನೋರ್ನೆಲ್ಲಾ ಕರೀತಾಳೆ, ನನ್ನೊಬ್ಬನ್ನ ಬಿಟ್ಟು. ಒಂದ್ಸಲ ನನ್ನೆಸ್ರು ಕರ್ಸವ್ವ.”

ವನಿತಾ ಒಂದು ವಾರ ಒದ್ದಾಡಿದಳು. ಬದುಕಿದ್ದಾಗ ಒಲ್ಲೆ ಎಂದದ್ದನ್ನು ಸತ್ತ ಮೇಲೆ ಬಾಯಿಗೆ ತುರುಕುವುದು ಸರಿಯಾ ಎಂದು ನನ್ನನ್ನು ಕೇಳಿದಳು. ನಾನು ಮಹಾ ಮೇಧಾವಿ, ಫೈಲ್ ತಾನೇ, ಫೈಲಿಗೇನು ಗೊತ್ತು ಎಂದುಬಿಟ್ಟೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅವಳು ರೆಕಾರ್ಡ್ ಆಗಿದ್ದ ಹೆಸರುಗಳಲ್ಲಿ ಲಕ್ಷ್ಮಮ್ಮನ ಹೆಸರಿನಿಂದ ‘ಲ’ ಕತ್ತರಿಸಿ, ಚಿಕ್ಕಣ್ಣನ ಹೆಸರಿನಿಂದ ಉಳಿದದ್ದನ್ನು ತಂದು ಅಂಟಿಸಿದಳು. ಆಫೀಸಿನಲ್ಲಿ ಹಾಕಿ ಕೇಳಿದೆವು. ಮೊದಲ ಅಕ್ಷರ ನಗುತ್ತಿತ್ತು, ಉಳಿದದ್ದು ದಣಿದಿತ್ತು.

ಮಂಗಳವಾರ ನಾನೂ ಜೊತೆಗೆ ಹೋದೆ. ಲಕ್ಕಣ್ಣನದು ಟೋಕನ್ ಹದಿನೇಳು. ಬೋರ್ಡಿನಲ್ಲಿ ನಂಬರೂ ಹೆಸರೂ ಸರಿಯಾಗಿ ಬಂದವು. ಸ್ಪೀಕರಿನಲ್ಲಿ ಸೊಣ್ಣಮ್ಮ, “ಇಗೋ, ಬನ್ನಿ,” ಎಂದಳು.

ಹೆಸರಿಲ್ಲ, ನಂಬರಿಲ್ಲ. ಮನೆಯಲ್ಲಿ ಊಟಕ್ಕೆ ಕರೆಯುವ ದನಿ. ಹಾಲ್‌ನಲ್ಲಿದ್ದ ಇಪ್ಪತ್ತು ಜನರೂ ಕೇಳಿಸಿಕೊಂಡರು. ಲಕ್ಕಣ್ಣ ಮಾತ್ರ ಏಳಲಿಲ್ಲ. ನಲವತ್ತು ವರ್ಷ ಹೀಗೇ ಕರೆದಿದ್ದಳು, ಒಂದೇ ಕೂಗಿಗೆ ತಾನು ಯಾವತ್ತೂ ಎದ್ದವನಲ್ಲ, ಇನ್ನೊಂದು ಸಲ ಕರೆಯುತ್ತಾಳೆ ಬಿಡಿ ಎಂದು ಮೀಸೆಯಲ್ಲೇ ನಕ್ಕ.

ನಾವಿಬ್ಬರೂ ಕೋಡನ್ನು ಸಾಲು ಸಾಲಾಗಿ ಓದಿದೆವು. ಹೆಸರಿನ ಮೆಥಡ್ಡೇ ಓಡಿದೆ ಎಂದು, ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ತೋರಿಸುತ್ತಿತ್ತು. ಆ ಎರಡು ಮಾತಿನ ಫೈಲ್ ಎಲ್ಲೂ ಇರಲಿಲ್ಲ. ಏನೂ ಕೊಡದೆ ಬರಿಗೈಯಲ್ಲಿ ಕರೆಯುವ ‘ಕರೆ’ ಕರಾರಿನಲ್ಲೂ ಇರಲಿಲ್ಲ, ಯಾವ ಕ್ಲಾಸಿನಲ್ಲೂ ಇರಲಿಲ್ಲ. ರೆಕಾರ್ಡಿಂಗ್ ಮಧ್ಯೆ ಆಡಿದ ಮಾತು ಎಲ್ಲೋ ಸೇರಿಕೊಂಡಿರಬೇಕು ಎಂದು ನಾನು ವಾದಿಸಿದೆ. ವನಿತಾ ವಾದಕ್ಕೆ ಬರಲಿಲ್ಲ, ಹೆದರಿದ್ದಳು. ಅತ್ತೆ ಎರಡನೇ ಸಲ ಕರೆದರೆ ಮಾವ ಎದ್ದು ಅವರ ಹಿಂದೆಯೇ ಹೋಗಿಬಿಡುತ್ತಾರೆ, ಕರೆಸಿದವಳು ನಾನಾಗುತ್ತೇನೆ ಎಂದಳು. ಅವತ್ತೇ ಅಂಟಿಸಿದ ಫೈಲ್ ಅಳಿಸಿ, ಸ್ಪೀಕರಿನ ವೈರ್ ಕಿತ್ತು ಬ್ಯಾಗಿಗೆ ಹಾಕಿಕೊಂಡಳು. ಇನ್ನು ಬೋರ್ಡ್ ಸಾಕು ಎಂದು ಡಾಕ್ಟರನ್ನು ಒಪ್ಪಿಸಿದಳು.

ಲಕ್ಕಣ್ಣ ಬೈಯಲಿಲ್ಲ. ಸದ್ದಿಲ್ಲದ ಸ್ಪೀಕರಿನ ಕೆಳಗೆ ದಿನಾ ಬಂದು ಕೂತ. ವನಿತಾ ಆಫೀಸಿಗೆ ಹೊರಟಾಗ ಅಲ್ಲಿ ಇಣುಕಿ, ಮಾವ ಇದ್ದಾರೆ ಎಂದು ನೋಡಿಕೊಂಡೇ ಬಸ್ ಹತ್ತುತ್ತಿದ್ದಳು.

ವೈರ್ ಕಿತ್ತ ಹನ್ನೊಂದನೇ ದಿನ ಬೆಳಿಗ್ಗೆ ಅವಳು ಇಣುಕಿದಾಗ ಲಕ್ಕಣ್ಣ ತಲೆಯೆತ್ತಿದ. “ಬಂದೆ ಕಣೆ, ಬಂದೆ,” ಎಂದು ಮನೆಯಲ್ಲಿ ರೇಗುವ ಹಾಗೆ ರೇಗಿ, ಕೋಲು ಅಲ್ಲೇ ಬಿಟ್ಟು ಎದ್ದ. ನಾಲ್ಕು ಹೆಜ್ಜೆ ನೆಟ್ಟಗೆ ನಡೆದು ಬಾಗಿಲ ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಡಾಕ್ಟರು ಹೃದಯಾಘಾತ ಎಂದರು. ವೈರ್ ಇನ್ನೂ ವನಿತಾಳ ಬ್ಯಾಗಿನಲ್ಲೇ ಇತ್ತು.

ಅಲ್ಲಿದ್ದ ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲವಂತೆ. ತಿಥಿ ಮುಗಿಸಿಕೊಂಡು ಆಫೀಸಿಗೆ ಬಂದ ವನಿತಾಳನ್ನು, ನಿನಗೇನಾದರೂ ಕೇಳಿಸಿತಾ ಎಂದು ಕೇಳಿದೆ. ಅವಳು ಬ್ಯಾಗಿನಿಂದ ವೈರ್ ತೆಗೆದು ಮೇಜಿನ ಮೇಲಿಟ್ಟಳು.

“ಕೇಳಿಸ್ತು ಕಣೋ. ಅತ್ತೆ ಮಾವನ ಹೆಸ್ರು ಹಿಡ್ದೇ ಕರೆದ್ರು. ನಾನು ಅಂಟಿಸಿದ ಥರ ಅಲ್ಲ, ಒಂದೇ ಉಸಿರಲ್ಲಿ.”