ದೇವಮ್ಮಕ್ಕನ ಫೋನಿನಲ್ಲಿದ್ದ ಕೇರಿ

ಫೋನಿನ ಮೇಲೆ ಸಿಟ್ಟು ಬಂದರೆ ದೇವಮ್ಮಕ್ಕ ಅದನ್ನು ಜಗಲಿಯಲ್ಲಿ ಬೋರಲು ಹಾಕಿ, ಮೇಲೊಂದು ಬುಟ್ಟಿ ಕವುಚಿಡುತ್ತಿದ್ದಳು. ಮಲ್ಲಾಪುರದ ಕೆಲಸ ಮುಗಿಸಿ ಬಸ್ಸಿಳಿದು ಬರುವಾಗ ಆ ಬುಟ್ಟಿ ಕಂಡಿತೆಂದರೆ ನಾನು ನನ್ನ ಮನೆಗೆ ಹೋಗುವ ಹಾಗಿಲ್ಲ. ಪಕ್ಕದ ಅವಳ ಜಗಲಿಗೇ ಮೊದಲು!

ಸಿಟ್ಟಿಗೆ ಕಾರಣವಿತ್ತು. ಚೆಂಡಿಯಾ ಊರಿನ ಅವರ ಕೇರಿಯ ಜಾಗ ನೌಕಾನೆಲೆಯ ಪಾಲಾದಾಗ ಅಲ್ಲಿನ ಮನೆಗಳವರೆಲ್ಲ ದಿಕ್ಕಿಗೊಬ್ಬರಾದರು. ಕೆಲವರು ನಮ್ಮ ಪುನರ್ವಸತಿ ಕಾಲನಿಗೆ, ಕೆಲವರು ಅಂಕೋಲೆಗೆ, ಒಬ್ಬರು ಶೆಟಗೇರಿಗೆ. ದೇವಮ್ಮಕ್ಕ ಅವರನ್ನೆಲ್ಲ ತನ್ನ ಫೋನಿನ ಮೊದಲ ಪರದೆಗೆ ತಂದು ಕೂರಿಸಿದ್ದಳು. ಒಬ್ಬೊಬ್ಬರದು ಒಂದೊಂದು ಫೋಟೊ, ಮುಟ್ಟಿದರೆ ಕರೆ ಹೋಗುತ್ತದೆ. ಅದೂ ಹಳೆಯ ಕೇರಿಯಲ್ಲಿ ಮನೆಗಳಿದ್ದ ಕ್ರಮದಲ್ಲೇ: ಎಡಗಡೆ ಐದು, ಬಲಗಡೆ ಐದು, ನಡುವೆ ದಾರಿ, ದಾರಿಯ ಕೊನೆಗೆ ಬಾವಿಗೆಂದು ಬಿಟ್ಟ ಖಾಲಿ ಜಾಗ. ತನ್ನ ಮನೆಯಿದ್ದಲ್ಲಿ ತನ್ನದೇ ಫೋಟೊ, ಮುಟ್ಟಿದರೆ ಎಂಗೇಜ್. ಬೆಳಿಗ್ಗೆ ಗಂಜಿ ಉಂಡ ಮೇಲೆ ದಿನಕ್ಕೊಂದು ಮನೆಗೆ, ಸರದಿ ತಪ್ಪದೆ, ಫೋನು ಮಾಡುತ್ತಿದ್ದಳು.

ಹೆಸರಿನ ಪಟ್ಟಿಯಲ್ಲಿ ಹುಡುಕಿದರಾಯಿತಲ್ಲ ಎಂದು ನಾನೊಮ್ಮೆ ಜಾಣತನ ತೋರಿಸಿದ್ದೆ.

“ಹೆಸ್ರು ಓದ್ಕಂಡಿ ಯಾರಾದ್ರೂ ನೆರೆಮನಿಗೆ ಹೋಗ್ತ್ರನಾ ತಮಾ? ಕಾಲಿಗೆ ದಾರಿ ಗೊತ್ತಿರ್ತದೆ” ಎಂದಳು.

ಆದರೆ ಈ ಫೋನು ತಯಾರಿಸುವವರಿದ್ದಾರಲ್ಲ, ಖಾಲಿ ಜಾಗ ಕಂಡರೆ ಅವರಿಗೆ ಕೈ ಕಡಿಯುತ್ತದೆ! ಹೊಸ ಆಪ್ ಯಾವುದೇ ಬರಲಿ, ಸೀದಾ ಬಾವಿಗೆ ಬೀಳುತ್ತಿತ್ತು. ದಾರಿಗಡ್ಡ ಹವಾಮಾನದ ಚೌಕವೊಂದು ಬಂದು ಕೂರುತ್ತಿತ್ತು. ಪರದೆಯ ಕೆಳಗಿನ ಸರ್ಚ್ ಪಟ್ಟಿಯಂತೂ ಜಪ್ಪಯ್ಯ ಅಂದರೂ ಅಲ್ಲಾಡದು. ಕೊಂಡವರು ನಾವು, ಅದರ ಅಂಗಳದಲ್ಲಿ ಅಧಿಕಾರ ಮಾತ್ರ ಇನ್ಯಾರದೋ. ನನಗೂ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಅಪ್‌ಡೇಟ್ ಆಗಿ ಕೇರಿಯೇ ಮಾಯವಾಯಿತು. ಬುಟ್ಟಿ ಕವುಚುವ ಸಿಟ್ಟೂ ಅವಳಲ್ಲಿರಲಿಲ್ಲ.

“ನೇವಿಯವ್ರು ಸಹಾ ನೋಟಿಸ್ ಕೊಟ್ಟೇ ಎಬ್ಸಿದ್ರು. ಇದು ಹೇಳೂದೂ ಇಲ್ಲ, ಕೇಳೂದೂ ಇಲ್ಲ” ಎಂದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅಂದೇ.

ಮತ್ತೆ ಕಟ್ಟೋಣ ಎಂದು ಪಟ್ಟು ಹಿಡಿದು ಕೂತೆ. ಅವಳು ಹುಣಸೆಬೀಜ ತಂದು ಜಗಲಿಯ ಮೇಲೆ ಒಂದೊಂದೇ ಮನೆ ಇಡುತ್ತ ಹೋದಳು, ನಾನು ನೋಡಿ ನೋಡಿ ಫೋನಿನಲ್ಲಿ ಇಟ್ಟೆ. ಕಾಲನಿಯಲ್ಲೇ ಹುಟ್ಟಿದ ನಾನು ಆ ಕೇರಿಯನ್ನು ನೋಡಿದವನಲ್ಲ. ಬಾವಿಯ ಪಕ್ಕ ಒಂದು ಬೀಜ ಇಟ್ಟು, ಇದು ನಿಮ್ಮನೆ, ನಿನ್ನಜ್ಜ ಭತ್ತ ಒಣಗಿಸುತ್ತಿದ್ದದ್ದು ಇಲ್ಲೇ ಎಂದು ಅವಳು ಹೇಳಿದಾಗ ಆ ಬೀಜದ ಮೇಲೆ ಬೆರಳಿಟ್ಟು ನೋಡಿದೆ. ಸೆಟ್ಟಿಂಗ್ಸ್ ಎಲ್ಲ ಜಾಲಾಡಿದ ಮೇಲೆ ಪರದೆ ಕದಲದಂತೆ ಬೀಗ ಹಾಕುವ ಗುಂಡಿಯೂ ಸಿಕ್ಕಿತು. ಇಬ್ಬರೂ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು!

ಕೊನೆಯ ಸಲ ಅವಳನ್ನು ಕಂಡದ್ದು ಕಾರವಾರದ ಆಸ್ಪತ್ರೆಯಲ್ಲಿ. ನನ್ನ ಫೋನಿನಲ್ಲೂ ಅದೇ ಕೇರಿಯನ್ನು ಅದೇ ಕ್ರಮದಲ್ಲಿ ಕಟ್ಟಿಸಿದಳು. ಉಸಿರು ಸಾಲುತ್ತಿರಲಿಲ್ಲ, ಆದರೂ ಒಂದು ಮನೆ ಆಚೀಚೆಯಾದರೆ ಬಿಡಲೊಲ್ಲಳು. ನಾಡಿದ್ದು ಶೆಟಗೇರಿಯ ಹಮ್ಮಣ್ಣಜ್ಜನ ಸರದಿ, ನೀನೇ ಮಾಡು ಎಂದಳು. ಮರುದಿನವೇ ಹೋಗಿಬಿಟ್ಟಳು.

ಹಮ್ಮಣ್ಣಜ್ಜನ ಜೊತೆ ನಾನು ಎಂದೂ ಮಾತಾಡಿದವನಲ್ಲ. ಹೇಳಿದ ದಿನ, ಗಂಜಿಯ ಹೊತ್ತು ಕಳೆದ ಮೇಲೆ, ಅವನ ಫೋಟೊ ಮುಟ್ಟಿದೆ. ಮೊದಲ ರಿಂಗಿಗೇ ಎತ್ತಿದ. ನಾನು ಯಾರೆಂದು ಹೇಳುವ ಮೊದಲೇ ಆ ಕಡೆಯಿಂದ ಮಾತು ಬಂತು:

“ದೇವಮ್ಮ ಹೋದ್ಲು ಅಂತ ಗೊತ್ತದೆ. ಆದ್ರೂ ಇವತ್ತು ನಮ್ಮ ಸರದಿ ಅಲ್ದಾ, ಫೋನ್ ಹಿಡ್ಕಂಡೇ ಕೂತಿದ್ದೆ.”